ಗುರೆಳ್ಳಿನ ಎಣ್ಣೆ ಮತ್ತು ಗಾಜಿನ ಪ್ಲೇಟು

ನಾವು ಒಬ್ಬರನ್ನೊಬ್ಬರು ಊರಿನ ಹೆಸರು ಹಿಡಿದೇ ಕರೆಯುತ್ತಿದ್ದೆವು. ಇಂಡಿ ಸರ್, ಮುದ್ದೇಬಿಹಾಳ ಸರ್, ಮತ್ತು ನಾನು ಸಿಂದಗಿ ಬಾಯಾರು; ಕಲಿಸುವ ಹೆಂಗಸಿಗೆ ನಮ್ಮ ಕಡೆ ಬಾಯಾರು ಎನ್ನುತ್ತಾರೆ. ಮೂವರೂ ಆಯಾ ಊರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರು. ಎಪ್ಪತ್ತರ ದಶಕದ ನಡುವೆ ಒಂದು ಬೇಸಿಗೆ ರಜೆಯಲ್ಲಿ ಧಾರವಾಡದಲ್ಲಿ ಅಧ್ಯಾಪಕರಿಗೆಂದು ತರಬೇತಿ ನಡೆದಾಗ ಒಂದೇ ಬೆಂಚಿನಲ್ಲಿ ಕೂತವರು. ಅಲ್ಲಿ ಕಲಿತದ್ದರಲ್ಲಿ ಹೆಚ್ಚಿನದು ರಜೆ ಮುಗಿದ ಮೇಲೆ ಮರೆತುಹೋಯಿತು. ಕ್ರೊಮ್ಯಾಟೋಗ್ರಫಿ ಮಾತ್ರ ಬಿಡಲಿಲ್ಲ. ಅದು ನಮ್ಮನ್ನು ಹಿಡಿದುಕೊಂಡಿತು ಎಂದರೂ ಸರಿ.

ಕೆಲಸ ನೋಡಲು ಸರಳ. ಗಾಜಿನ ಪ್ಲೇಟಿನ ಮೇಲೆ ಬಿಳಿ ಪುಡಿಯನ್ನು ದೋಸೆ ಹಿಟ್ಟಿನಂತೆ ತೆಳ್ಳಗೆ ಎರೆದು ಒಣಗಿಸಬೇಕು. ಬುಡದ ಹತ್ತಿರ ಪರೀಕ್ಷೆಯ ವಸ್ತುವಿನ ಒಂದು ಹನಿ ಇಡಬೇಕು. ಆಮೇಲೆ ತಳದಲ್ಲಿ ಸ್ವಲ್ಪ ದ್ರಾವಕ ಹಾಕಿದ ಭರಣಿಯೊಳಗೆ ಪ್ಲೇಟನ್ನು ನಿಲ್ಲಿಸಿ ಮುಚ್ಚಬೇಕು. ದ್ರಾವಕ ಪುಡಿಯನ್ನು ನೆನೆಸುತ್ತ ನಿಧಾನವಾಗಿ ಮೇಲೇರುತ್ತದೆ. ಹನಿಯಲ್ಲಿ ಬೆರೆತಿದ್ದ ಒಂದೊಂದು ವಸ್ತುವೂ ಅದರ ಬೆನ್ನು ಹತ್ತಿ ತನ್ನ ತನ್ನ ಕಸುವಿನಷ್ಟು ಏರಿ ಬೇರೆ ಬೇರೆ ಎತ್ತರದಲ್ಲಿ ಚುಕ್ಕಿಯಾಗಿ ನಿಂತುಬಿಡುತ್ತದೆ. ಕೂಡಿಕೊಂಡಿದ್ದದ್ದು ಬಿಡಿಬಿಡಿಯಾಗುವುದನ್ನು ಕಣ್ಣಿಂದ ನೋಡುವುದರಲ್ಲಿ ಒಂದು ಸುಖವಿತ್ತು. ಮಸಿಯ ಬಣ್ಣ ಬೇರ್ಪಡಿಸಿದೆವು, ಮೆಂತ್ಯ ಸೊಪ್ಪಿನ ಹಸಿರು ಬೇರ್ಪಡಿಸಿದೆವು, ಪೇಟೆಯ ಜಿಲೇಬಿಯ ಬಣ್ಣವನ್ನೂ ಬಿಡಲಿಲ್ಲ.

ಇಂಡಿಗೆ ರೈಲು ಇದ್ದದ್ದರಿಂದ ಸೊಲ್ಲಾಪುರದಿಂದ ರಾಸಾಯನಿಕಗಳು ಮೊದಲು ಅಲ್ಲಿಗೇ ಬರುತ್ತಿದ್ದವು. ಹೀಗಾಗಿ ನಾವು ಆಗಾಗ ಇಂಡಿಯಲ್ಲಿಯೇ ಸೇರುತ್ತಿದ್ದೆವು. ಮುದ್ದೇಬಿಹಾಳ ಸರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕೈ ಬಹಳ ಚುರುಕು. ತಾವು ಎರೆದ ಪ್ಲೇಟುಗಳನ್ನು ಧೋತರದ ತುಂಡಿನಲ್ಲಿ ಸುತ್ತಿ, ಬಸ್ಸಿನಲ್ಲಿ ಅಷ್ಟು ದೂರ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಇಂಡಿ ಸರ್ ನಮ್ಮಿಬ್ಬರಿಗೂ ಹಿರಿಯರು. ಅವರ ಮನೆತನ ತಲೆಮಾರುಗಳಿಂದ ಆ ಊರಿನಲ್ಲಿ ಅರಳೆ ವ್ಯಾಪಾರ ಮಾಡಿಕೊಂಡು ಬಂದದ್ದು. ಇವರೊಬ್ಬರು ಓದಿನ ಕಡೆ ಬಂದವರು. ಐದು ಹೊತ್ತಿನ ನಮಾಜು ಎಷ್ಟು ಕಟ್ಟುನಿಟ್ಟೋ ಪ್ರಯೋಗವೂ ಅಷ್ಟೇ ಕಟ್ಟುನಿಟ್ಟು. ಒಬ್ಬರ ಪ್ಲೇಟಿನಲ್ಲಿ ಬಂದ ಚುಕ್ಕಿಯನ್ನು ಅವರು ನಂಬುತ್ತಿರಲಿಲ್ಲ. ಇನ್ನೊಬ್ಬರು ತಮ್ಮ ಪ್ಲೇಟಿನಲ್ಲಿ, ತಮ್ಮ ಕೈಯಿಂದ ಮಾಡಿ ಅದೇ ಎತ್ತರಕ್ಕೆ ಅದೇ ಚುಕ್ಕಿ ಬಂದರೆ ಮಾತ್ರ ತಲೆದೂಗುತ್ತಿದ್ದರು. ನಮಗೆ ಆಗ ಅದು ಹಿರಿಯರ ಹಟವಾಗಿ ಕಾಣುತ್ತಿತ್ತು.

ಹೀಗೆ ಒಂದು ವರ್ಷ ಸುಗ್ಗಿ ಮುಗಿದು ಬಿಸಿಲು ಏರತೊಡಗಿದಾಗ ಇಂಗಳೇಶ್ವರದಿಂದ ಸುದ್ದಿ ಬಂತು. ಅದು ನನ್ನ ಗಂಡನ ಊರು, ಬಸವನ ಬಾಗೇವಾಡಿಯ ಹತ್ತಿರ. ಅಲ್ಲಿ ನನ್ನ ಅತ್ತೆ, ಭಾವ ಮತ್ತು ಭಾವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಹೊಲ ಮನೆ ನೋಡಿಕೊಂಡು ಇದ್ದರು. ನೆಗೆಣ್ಣಿಯ ಕಾಲು ಬಾತಿವೆ, ಏದುಸಿರು ಬರುತ್ತದೆ, ಊರಲ್ಲಿ ಇನ್ನೂ ಕೆಲವರಿಗೆ ಹಾಗೇ ಆಗಿದೆ ಎಂದು ಹೇಳಿಕಳಿಸಿದ್ದರು. ನನ್ನ ಗಂಡ ಹೈಸ್ಕೂಲು ಮಾಸ್ತರರು, ಪರೀಕ್ಷೆಯ ಕಾಲ, ರಜೆ ಸಿಗಲಿಲ್ಲ. ನಾನೊಬ್ಬಳೇ ಹೊರಟೆ.

ನೆಗೆಣ್ಣಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ. ಅವಳ ಕಾಲಿನ ಮೇಲೆ ಬೆರಳು ಒತ್ತಿದೆ. ಗುಳಿ ಬಿತ್ತು, ಬಿದ್ದ ಗುಳಿ ಬಹಳ ಹೊತ್ತು ಮೇಲೇಳಲಿಲ್ಲ. ಚರ್ಮ ಕೆಂಪಗೆ ಮಿರುಗುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಈ ಮನೆಯಲ್ಲಿ ನನಗೆ ರೊಟ್ಟಿ ಬಡಿಯಲು ಕಲಿಸಿದವಳು ಅವಳು. ದನಿ ಎತ್ತಿ ಮಾತಾಡುವವಳು, ನಡೆದರೆ ಓಡಿದಂತೆ ನಡೆಯುವವಳು. ಈಗ ಎರಡು ಮಾತಾಡಿದರೆ ನಡುವೆ ನಿಂತು ಗಾಳಿ ಎಳೆದುಕೊಳ್ಳುತ್ತಿದ್ದಳು.

ಪಕ್ಕದ ಮನೆಯ ಮುದುಕಿ ಆಗಲೇ ತೀರಿಕೊಂಡಿದ್ದಳು. ಆಕೆ ನನ್ನ ಅತ್ತೆಯ ಜೀವದ ಗೆಳತಿ. ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯಾಗಿ ಬಂದವರು, ಹಿತ್ತಲ ಗೋಡೆಯ ಮೇಲಿಂದ ಪಲ್ಯದ ಬಟ್ಟಲು ದಾಟಿಸುತ್ತಲೇ ಮುದುಕಿಯರಾದವರು. ಆ ಮನೆಯಲ್ಲಿ ಉಳಿದವರಿಗೂ ಬಾವು ಬಂದಿತ್ತು.

ಬಾಗೇವಾಡಿ ಸರಕಾರಿ ದವಾಖಾನೆಯ ಡಾಕ್ಟರರು ಬಂದು ಎಲ್ಲರನ್ನೂ ನೋಡಿ, ಇದು ಎಣ್ಣೆಯಿಂದ ಬಂದದ್ದು ಎಂದಿದ್ದರು. ಅರಿಸಿನ ದತ್ತೂರಿ ಎಂಬ ಮುಳ್ಳುಗಿಡ ನಮ್ಮ ಕಡೆಯ ಬದುವಿನಲ್ಲೆಲ್ಲ ಇರುತ್ತದೆ. ಹಳದಿ ಹೂವು, ಮುರಿದರೆ ಅರಿಸಿನದಂಥ ಹಾಲು. ಅದರ ಬೀಜ ಸಾಸಿವೆಯಂತೆಯೇ ಕಾಣುತ್ತದೆ. ಆ ಬೀಜದ ಎಣ್ಣೆ ಅಡಿಗೆ ಎಣ್ಣೆಯಲ್ಲಿ ಸೇರಿ ದಿನವೂ ಹೊಟ್ಟೆಗೆ ಹೋದರೆ, ಒಬ್ಬರಿಗೆ ಬೇಗ, ಇನ್ನೊಬ್ಬರಿಗೆ ತಡವಾಗಿ, ಹೀಗೆ ಕಾಲು ಬಾತುಕೊಳ್ಳುತ್ತದೆ, ಎದೆ ಸೋಲುತ್ತದೆ. ಡಾಕ್ಟರರು ತಮ್ಮಲ್ಲಿದ್ದ ಒಂದು ಆಸಿಡ್ಡಿನಿಂದ ಸಣ್ಣ ಪರೀಕ್ಷೆ ಮಾಡಿದ್ದರು. ಎಣ್ಣೆಗೆ ಆಸಿಡ್ ಹಾಕಿ ಕುಲುಕಿದರೆ, ವಿಷವಿದ್ದಲ್ಲಿ ತಳದಲ್ಲಿ ಕೆಂಪು ಕೂಡುತ್ತದೆ. ಊರಿನ ಗಾಣದಿಂದ ತಂದ ಎಣ್ಣೆ ಕೆಂಪಾಗಿತ್ತು. ಆ ಹೊತ್ತಿಗೆ ಪೊಲೀಸ್ ಠಾಣೆಯ ಫೌಜದಾರರೂ ಅಲ್ಲಿದ್ದರು. ಗಾಣಕ್ಕೆ ಬೀಗ ಬಿತ್ತು.

ಗಾಣ ನಡೆಸುತ್ತಿದ್ದವಳು ಒಬ್ಬ ಹೆಂಗಸು. ಗಂಡ ಹೋದ ಮೇಲೆ ಎತ್ತನ್ನೂ ಗಾಣವನ್ನೂ ತಾನೇ ನೋಡಿಕೊಂಡಿದ್ದಳು. ಊರೆಲ್ಲ ಅವಳನ್ನು ಗಾಣದವ್ವ ಎನ್ನುತ್ತಿತ್ತು. ರೈತರು ತಂದ ಕುಸುಬೆ, ಶೇಂಗಾ, ಹುಚ್ಚೆಳ್ಳು ಎಂದೂ ಕರೆಯುವ ಗುರೆಳ್ಳು ಅರೆದುಕೊಡುವುದು, ತಾನೇ ಕೊಂಡ ಕಾಳಿನ ಎಣ್ಣೆ ಮಾರುವುದು ಅವಳ ಬದುಕು. ಅತ್ತೆ ಅವಳ ಮೇಲೆ ಉರಿದುಬಿದ್ದಿದ್ದರು. ನಮ್ಮ ಹೊಲದ ಗುರೆಳ್ಳು ಚೀಲಗಟ್ಟಲೆ ಕೊಟ್ಟಿದ್ದೆವು, ಅದರ ಒಳ್ಳೆ ಎಣ್ಣೆಯನ್ನು ಇಟ್ಟುಕೊಂಡು ನಮಗೆ ಎಲ್ಲಿಯದೋ ಹೊಲಸು ಎಣ್ಣೆ ಕೊಟ್ಟಿದ್ದಾಳೆ ಎಂಬುದು ಅವರ ಮಾತು. ಆ ಎಣ್ಣೆಯನ್ನು ಅತ್ತೆ ಪ್ರತಿ ವರ್ಷದಂತೆ ಓಣಿಯ ಬೇಕಾದವರಿಗೆಲ್ಲ ಚೊಂಬು ಚೊಂಬು ಹಂಚಿದ್ದರು. ಸತ್ತ ಗೆಳತಿಗೂ ಕೊಟ್ಟಿದ್ದರು. ತಮ್ಮ ಕೈಯಿಂದಲೇ ಕೊಟ್ಟೆ ಎಂಬ ಸಂಕಟ ಅವರೊಳಗೆ ಸಿಟ್ಟಾಗಿ ತಿರುಗಿತ್ತು. ಅದನ್ನು ಯಾರ ಮೇಲಾದರೂ ಇಳಿಸದೆ ಅವರಿಗೆ ಗತಿಯಿರಲಿಲ್ಲ.

ಗಾಣದವ್ವನ ಮನೆಯ ಮುಂದೆ ಹಾದುಹೋದೆ. ಬಾಗಿಲ ಮೇಲೆ ಕಲ್ಲು ಬಿದ್ದ ಗುರುತುಗಳಿದ್ದವು. ಬಾವಿಯಲ್ಲಿ ಅವಳಿಗೆ ನೀರು ಸೇದಲು ಬಿಡುತ್ತಿರಲಿಲ್ಲವಂತೆ. ಎತ್ತು ಗೋದಲಿಯ ಮುಂದೆ ಮೋರೆ ಇಳಿಬಿಟ್ಟುಕೊಂಡು ನಿಂತಿತ್ತು. ನನ್ನನ್ನು ಕಂಡು ಅವಳು ಹೊಸ್ತಿಲಿಗೆ ಬಂದಳು, ದಾಟಲಿಲ್ಲ.

"ನೀವು ಓದಿದಾಕಿ ಅದೀರಿ," ಎಂದಳು. "ನಿಮ್ಮ ಕಾಳಿನ ಎಣ್ಣಿನೇ ನಿಮಗ ಕೊಟ್ಟೇನಿ. ಅದಕಿಂತ ಹೆಚ್ಚಿಗಿ ನನಗ ಏನೂ ಗೊತ್ತಿಲ್ರಿ."

ನಾನು ಮುಂದೆ ನಡೆದೆ.

ಬಾಗೇವಾಡಿಗೆ ಬಂದು ಡಾಕ್ಟರರನ್ನು ಕಂಡೆ. ಅವರ ಮುಖದಲ್ಲಿ ನಿದ್ದೆಗೆಟ್ಟ ಕಳೆಯಿತ್ತು. ತಾವು ಮಾಡಿದ ಪರೀಕ್ಷೆಯೇ ಅವರನ್ನು ಕೊರೆಯುತ್ತಿತ್ತು. ಗಾಣದ ಎಣ್ಣೆಯನ್ನೇ ಕೊಂಡು ತಿಂದ ಎಷ್ಟೋ ಮನೆಗಳಲ್ಲಿ ಯಾರಿಗೂ ಬಾವಿಲ್ಲ, ಆದರೂ ಎಣ್ಣೆ ಕೆಂಪಾಗುತ್ತದೆ, ಇದು ಹೇಗೆ ಎಂದು ಕೇಳಿದರು. ಹಳೆಯ, ಕಂದಿದ ಎಣ್ಣೆಯೂ ಆ ಆಸಿಡ್ಡಿಗೆ ಕೆಂಪಾಗಬಹುದು, ಆ ಕೆಂಪಿಗೂ ಈ ಕೆಂಪಿಗೂ ವ್ಯತ್ಯಾಸ ಹೇಳಲಾಗುವುದಿಲ್ಲ ಎಂದೆ. ಮಾದರಿಗಳನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದ್ದಾಗಿತ್ತು, ಉತ್ತರ ಬರಲು ವಾರಗಳು ಬೇಕು. ಅಷ್ಟರಲ್ಲಿ ಗಾಣದವ್ವನ ಗತಿ ಏನಾಗುತ್ತದೋ ತಿಳಿಯದು. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಅತ್ತೆ ಉಳಿದಿದ್ದ ಗುರೆಳ್ಳಿನ ಚೀಲವನ್ನು ಬಾಗೇವಾಡಿಯ ಗಿರಣಿಗೆ ಕಳಿಸಿ, ಮಗನನ್ನು ಎದುರಿಗೇ ನಿಲ್ಲಿಸಿ ಅರೆಸಿ, ಆ ಶುದ್ಧ ಎಣ್ಣೆಯಲ್ಲಿ ಗೆಳತಿಯ ದಿವಸದ, ಅಂದರೆ ತಿಥಿಯ, ಅಡಿಗೆ ಮಾಡಿಸುತ್ತೇನೆ ಎಂದು ಓಣಿಗೆಲ್ಲ ಹೇಳಿದ್ದರು. ಬಾವು ಬಂದವರೂ ಆ ಊಟಕ್ಕೆ ಕೂಡುವವರೇ.

"ವಿಷ ಗಾಣದಾಗ ಕೂಡಿದ್ರ ಆ ಎಣ್ಣಿ ಚೊಲೋನ ಇರತೈತಿ," ಎಂದರು ಡಾಕ್ಟರರು. "ಕಾಳಿನಾಗೇ ಇದ್ರ?"

ಚೀಲದಲ್ಲಿ ಗುರೆಳ್ಳಿನ ನಡುವೆ ದುಂಡನೆಯ ಕರಿ ಕಾಳುಗಳಿದ್ದದ್ದನ್ನು ಅವರು ನೋಡಿದ್ದರು. ಅದು ಸಾಸಿವೆ, ಅಂಚಿಗೆ ಬಿತ್ತಿದ್ದೆವು ಎಂದು ಅತ್ತೆ ಹೇಳಿದ್ದರಂತೆ. ಬಿತ್ತಿದ್ದು ನಿಜವೇ. ಬರಿ ಸಂಶಯದ ಮಾತಿಗೆ ಅವರು ಅರೆಸುವುದನ್ನು ನಿಲ್ಲಿಸುವವರಲ್ಲ. ನನಗೆ ಇಂಡಿ ಸರ್ ನೆನಪಾದರು. ಕಣ್ಣಿಗೆ ಒಂದೇ ಆಗಿ ಕಾಣುವ ಕೆಂಪುಗಳನ್ನು ಬೇರ್ಪಡಿಸಲು ನಮಗೆ ಗೊತ್ತಿದ್ದ ದಾರಿ ಒಂದೇ. ಆ ವಿಷ ಪ್ಲೇಟಿನ ಮೇಲೆ ಏರಿ ನಿಂತ ಮೇಲೆ, ಕಣ್ಣಿಗೆ ಕಾಣದ ಅತಿನೇರಳೆ ಬೆಳಕಿನ ದೀಪ ಹಿಡಿದರೆ, ಬಂಗಾರದ ಬಣ್ಣಕ್ಕೆ ಹೊಳೆಯುತ್ತದೆ. ಅಂಥ ದೀಪ ನಮ್ಮ ಯಾವ ಕಾಲೇಜಿನಲ್ಲೂ ಇರಲಿಲ್ಲ. ಬಿಜಾಪುರದಲ್ಲಿ ಚರ್ಮರೋಗದ ಡಾಕ್ಟರರೊಬ್ಬರು ಹುಳುಕಡ್ಡಿ ನೋಡಲು ಅದನ್ನು ಇಟ್ಟುಕೊಂಡಿದ್ದಾರೆ, ಕೇಳಿ ತರುತ್ತೇನೆ ಎಂದರು ಡಾಕ್ಟರರು. ಮರುದಿನ ತಾವೇ ಇಂಗಳೇಶ್ವರಕ್ಕೆ ಹೋಗಿ ಬಾಟಲಿಗಳನ್ನು ತುಂಬಿಕೊಂಡರು. ಗಾಣದ ಡಬ್ಬಿಯ ಎಣ್ಣೆ, ಅತ್ತೆಯ ಗಡಿಗೆಯ ಎಣ್ಣೆ, ಸತ್ತವಳ ಮನೆಯ ಎಣ್ಣೆ, ಬಾವು ಬಾರದ ಒಂದು ಮನೆಯ ಎಣ್ಣೆ, ಮತ್ತು ಅತ್ತೆಯ ಚೀಲದಿಂದ ಒಂದು ಹಿಡಿ ಕಾಳು.

ಮುದ್ದೇಬಿಹಾಳಕ್ಕೆ ತಾರು ಕಳಿಸಿದೆ. ಡಾಕ್ಟರರು ಬಾಟಲಿಗಳನ್ನೂ ದೀಪವನ್ನೂ ಹಿಡಿದುಕೊಂಡು ಬಂದರು, ಎಲ್ಲರೂ ಇಂಡಿಯಲ್ಲಿ ಸೇರಿದೆವು.

ಇಂಡಿ ಸರ್ ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು. ನಾನು ಎಂದಿನಂತೆ ಸೆರಗು ಸಿಕ್ಕಿಸಿ ಪ್ಲೇಟಿಗೆ ಕೈ ಹಾಕುವಷ್ಟರಲ್ಲಿ ಅವರು ಅದನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

"ಬಾಯಾರ, ಈ ಸಲ ನೀವು ಮುಟ್ಟಬ್ಯಾಡ್ರಿ."

ನನಗೆ ಅರ್ಥವಾಗಲಿಲ್ಲ. ಮುದ್ದೇಬಿಹಾಳ ಸರ್ ತಲೆ ತಗ್ಗಿಸಿದರು.

"ನಿಮ್ಮ ಮನಿ ವಿಷಯ ಇದು," ಎಂದರು ಇಂಡಿ ಸರ್. "ನಿಮ್ಮ ಮ್ಯಾಲ ಸಂಶಯ ಇಲ್ಲ. ಆದ್ರ ನಾಳಿ ಮಂದಿ ಏನ ಬಂದ್ರೂ ಒಂದು ಮಾತ ಹುಟ್ಟಿಸ್ತಾರ. ಚೊಲೋ ಬಂದ್ರ ಅತ್ತಿ ಸಲುವಾಗಿ ಮಾಡಿದ್ರು ಅಂತಾರ, ಕೆಟ್ಟ ಬಂದ್ರ ಅತ್ತಿ ಮ್ಯಾಲಿನ ಸಿಟ್ಟಿಗೆ ಮಾಡಿದ್ರು ಅಂತಾರ."

ಮಾತು ನ್ಯಾಯವೇ. ಆದರೂ ಎದೆಯಲ್ಲಿ ಚುಚ್ಚಿದಂತಾಯಿತು. ಅಷ್ಟು ದಿನ ನಾವು ಮೂವರು ಒಂದೇ ಮನೆಯವರಂತೆ ಇದ್ದೆವು. ಈಗ ನಾನು ಹೊರಗಿನವಳಾಗಿ, ಪರೀಕ್ಷೆಗೆ ಬಂದ ಬಾಟಲಿಗಳ ಪಂಕ್ತಿಯಲ್ಲಿ ನಿಂತಂತೆ ಅನಿಸಿತು. ಗೋಡೆಯ ಕಡೆಯ ಸ್ಟೂಲಿನ ಮೇಲೆ ಹೋಗಿ ಕೂತೆ. ಇಂಡಿ ಸರ್ ಅಲ್ಲಿಗೇ ಬಿಡಲಿಲ್ಲ. ಡಾಕ್ಟರರನ್ನು ಪಕ್ಕದ ಕೋಣೆಗೆ ಕಳಿಸಿ, ಯಾವ ಬಾಟಲಿ ಯಾರದೆಂದು ಅವರೊಬ್ಬರಿಗೆ ಮಾತ್ರ ತಿಳಿಯುವಂತೆ ಚೀಟಿ ಬದಲಿಸಿ ಅಕ್ಷರ ಬರೆಸಿದರು. ಕಾಳನ್ನೂ ಅಲ್ಲಿಯೇ ಕಲ್ಲಿನಲ್ಲಿ ಅರೆದು, ಎಣ್ಣೆ ತೆಗೆದು, ಉಳಿದವುಗಳಂಥದೇ ಬಾಟಲಿಗೆ ಹಾಕಿಸಿದರು. ಹೋಲಿಸಿ ನೋಡಲು ನಿಜವಾದ ವಿಷವೂ ಬೇಕಲ್ಲ. ಮುದ್ದೇಬಿಹಾಳ ಸರ್ ರೈಲು ಹಳಿಯ ಪಕ್ಕದಲ್ಲಿ ಒಣಗಿ ನಿಂತ ಅರಿಸಿನ ದತ್ತೂರಿಯ ಕಾಯಿಗಳನ್ನು ಕಿತ್ತು ಕೈತುಂಬ ಮುಳ್ಳು ಚುಚ್ಚಿಸಿಕೊಂಡು ಬಂದರು. ಅದರ ಬೀಜದ ಎಣ್ಣೆಯೂ ಸಾಲಿಗೆ ಸೇರಿತು.

ಪ್ರತಿ ಎಣ್ಣೆಯನ್ನೂ ಆಸಿಡ್ ಹಾಕಿ ಕಾಸಿ, ಎಣ್ಣೆಯಂಶ ಬಿಟ್ಟು ಬೇಕಾದದ್ದನ್ನಷ್ಟೇ ಎಳೆದುಕೊಂಡು ಹನಿ ಮಾಡುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು. ಪ್ಲೇಟು ಭರಣಿಯೊಳಗೆ ಇಳಿಯಿತು. ದ್ರಾವಕದ ಮುಗ್ಗಿದ ವಾಸನೆ ಕೋಣೆಯನ್ನೆಲ್ಲ ತುಂಬಿತು. ತಗಡಿನ ಮೇಲ್ಛಾವಣಿ ಕಾದು ಚಟಚಟ ಎನ್ನುತ್ತಿತ್ತು. ಆ ದ್ರಾವಕ ಏರುವುದು ಬಹಳ ನಿಧಾನ. ಅವಸರ ಮಾಡಲು ಬರುವುದಿಲ್ಲ, ಭರಣಿ ಅಲುಗಿಸಲು ಬರುವುದಿಲ್ಲ. ತೇವದ ಗೆರೆ ಒಂದು ಇರುವೆಯ ಸಾಲಿನಂತೆ ಮೇಲೆ ಸರಿಯುತ್ತಿದ್ದದ್ದನ್ನು ನಾಲ್ವರೂ ನೋಡುತ್ತ ಕೂತೆವು. ಅದು ಏರುತ್ತಿದ್ದಂತೆ ನನ್ನ ಮನಸ್ಸಿನಲ್ಲಿ ಬರುತ್ತಿದ್ದದ್ದು ಒಂದೇ ಬೇಡಿಕೆ, ಗಾಣದ ಎಣ್ಣೆಯಲ್ಲಿ ಬರಲಿ ಎಂದು. ಆ ಹೆಂಗಸಿನ ಬಾಗಿಲ ಮೇಲಿನ ಕಲ್ಲಿನ ಗುರುತು ನೋಡಿಬಂದವಳೇ ನಾನು. ಆದರೂ ಬೇಡಿಕೊಂಡೆ.

ಕಿಟಕಿಗಳಿಗೆ ಕರಿ ಬಟ್ಟೆ ಕಟ್ಟಿದರು. ಡಾಕ್ಟರರು ದೀಪ ಹಚ್ಚಿದರು. ಕರೆಂಟು ಒಮ್ಮೆ ಹೋಗಿ ಬಂತು, ದೀಪ ಮತ್ತೆ ಹತ್ತಿಕೊಳ್ಳಲು ಬಹಳ ಸತಾಯಿಸಿತು. ಕಡೆಗೆ ಮಂಕು ನೇರಳೆ ಬೆಳಕು ಪ್ಲೇಟಿನ ಮೇಲೆ ಬಿತ್ತು. ಬಿಳಿ ಪದರ ಗಾಢ ನೀಲಿಯಾಯಿತು, ಅದರ ಮೇಲೆ ಒಂದೇ ಎತ್ತರದಲ್ಲಿ, ಮೂಗುಬೊಟ್ಟಿನ ಹರಳಿನಂತೆ, ಬಂಗಾರದ ಚುಕ್ಕಿಗಳು ಹೊಳೆದವು. ಅಂಚು ಒಡೆದಿರಲಿಲ್ಲ, ಬಾಲ ಬಂದಿರಲಿಲ್ಲ. ಅಷ್ಟು ಅಚ್ಚುಕಟ್ಟಾದ ಪ್ಲೇಟು ನಾವು ಮೂವರೂ ಅಲ್ಲಿಯವರೆಗೆ ಮಾಡಿರಲಿಲ್ಲ.

"ಏನ ಚಂದ ಬಂದೈತಿ," ಎಂದು ಮುದ್ದೇಬಿಹಾಳ ಸರ್ ಉಸಿರು ಬಿಟ್ಟಂತೆ ಅಂದರು.

ಅಂದದ್ದೇ ಅವರ ದನಿ ನಿಂತಿತು. ನನಗೂ ಆ ಒಂದು ಕ್ಷಣ ಚಂದವೇ ಕಂಡಿತ್ತು, ಸುಳ್ಳು ಯಾಕೆ ಹೇಳಲಿ.

ಇಂಡಿ ಸರ್ ಯಾವ ಅಕ್ಷರಗಳ ಮೇಲೆ ಚುಕ್ಕಿಯಿದೆ ಎಂದು ಓದಿದರು. ಡಾಕ್ಟರರು ಜೇಬಿನಿಂದ ಚೀಟಿ ತೆಗೆದು ಹೇಳುತ್ತ ಹೋದರು. ರೈಲು ಹಳಿಯ ಗಿಡದ ಬೀಜ, ಹೌದು. ಅತ್ತೆಯ ಗಡಿಗೆ, ಹೌದು. ಸತ್ತವಳ ಮನೆ, ಹೌದು. ಬಾವು ಬಾರದ ಮನೆ, ಏನೂ ಇಲ್ಲ. ಗಾಣದ ಡಬ್ಬಿ, ಏನೂ ಇಲ್ಲ. ಕಡೆಯ ಹೆಸರು ಹೇಳುವ ಮೊದಲು ಅವರು ನನ್ನ ಕಡೆ ನೋಡಿದರು. ಎಲ್ಲಕ್ಕಿಂತ ದಟ್ಟವಾಗಿ ಹೊಳೆಯುತ್ತಿದ್ದದ್ದು ಅತ್ತೆಯ ಚೀಲದ ಕಾಳಿನದು.

ಈಗಲೇ ಹೊರಡುತ್ತೇನೆ ಎಂದೆ. ಇಂಡಿ ಸರ್ ಬಿಡಲಿಲ್ಲ. ಮುದ್ದೇಬಿಹಾಳ ಸರ್ ಎರೆದ ಪ್ಲೇಟಿನಲ್ಲಿ ಇನ್ನೊಮ್ಮೆ ಆಗಬೇಕು, ತಾವು ಮಾಡಿದ್ದನ್ನು ಅವರು ಮೊದಲಿನಿಂದ ಮಾಡಬೇಕು ಎಂದರು. ನಾನು ಆ ಹಿರಿಯರ ಎದುರು ಅದುವರೆಗೆ ದನಿ ಎತ್ತಿದವಳಲ್ಲ. ಅಲ್ಲಿ ಎಣ್ಣೆ ಕಾಯುತ್ತಿರಬಹುದು, ನೀವು ಇಲ್ಲಿ ಶಾಸ್ತ್ರ ನೋಡುತ್ತೀರಿ ಎಂದು ಜಗಳಕ್ಕೇ ನಿಂತೆ. ಅವರು ಸಿಟ್ಟಾಗಲಿಲ್ಲ.

"ಆ ಗಾಣದಾಕಿ ಒಂದೇ ಪರೀಕ್ಷಾದಾಗ ಕಳ್ಳಿ ಆದಳು," ಎಂದರು. "ನಿಮ್ಮ ಅತ್ತೀನೂ ಒಂದೇ ಪರೀಕ್ಷಾದಾಗ ಹಂಗ ಮಾಡ್ಲ್ಯಾ?"

ಆ ರಾತ್ರಿ ಅವರ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಡಾಕ್ಟರರು ಯಾರಿಗೂ ತಿಳಿಯದಂತೆ ಅಕ್ಷರಗಳನ್ನು ಮತ್ತೆ ಬದಲಿಸಿದರು, ಎರಡನೆಯ ಪ್ಲೇಟು ಏರಿತು. ಅದೇ ಎತ್ತರ, ಅದೇ ಚುಕ್ಕಿಗಳು, ಅವೇ ಎಣ್ಣೆಗಳ ಮೇಲೆ. ಇಂಡಿ ಸರ್ ಮಸೂರ ಹಿಡಿದು ಚೀಲದ ದುಂಡು ಕಾಳುಗಳನ್ನು ತೋರಿಸಿದರು. ಸಾಸಿವೆ ನುಣುಪು. ಇದರ ಮೈಮೇಲೆಲ್ಲ ಬಲೆಯಂಥ ಗೆರೆ.

ಡಾಕ್ಟರರೂ ನಾನೂ ಬಸ್ಸು ಹಿಡಿದೆವು. ಬಿಜಾಪುರದಲ್ಲಿ ದೀಪ ಮರಳಿ ಕೊಟ್ಟು ಬಾಗೇವಾಡಿಯ ಬಸ್ಸಿಗೆ ಕಾಯುವುದು ಆ ದಿನ ಮುಗಿಯದ ಕಾಯುವಿಕೆಯಾಯಿತು. ಬಾಗೇವಾಡಿಯಲ್ಲಿ ಇಳಿದವಳೇ ಗಿರಣಿಗೆ ಓಡಿದೆ. ಭಾವ ಬೆಳಿಗ್ಗೆಯೇ ಬಂದು ಅರೆಸಿಕೊಂಡು ಹೋಗಿದ್ದರು. ಡಾಕ್ಟರರು ಫೌಜದಾರರನ್ನು ಕರೆತರಲು ಠಾಣೆಗೆ ಹೋದರು. ನಾನು ಇಂಗಳೇಶ್ವರದ ಕಡೆ ಹೊರಟಿದ್ದ ಒಬ್ಬ ಮಾಸ್ತರರ ಸೈಕಲ್ಲಿನ ಹಿಂದೆ ಕೂತೆ. ನಾಚಿಕೆಪಡುವ ಹೊತ್ತಾಗಿರಲಿಲ್ಲ ಅದು.

ಮನೆಯ ಹಿತ್ತಲಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಬುಟ್ಟಿ ಕಾಯುತ್ತಿತ್ತು. ನಮ್ಮ ಕಡೆ ಬಾಣಲೆಗೆ ಬುಟ್ಟಿ ಎನ್ನುತ್ತಾರೆ. ಓಣಿಯ ಹೆಂಗಸರು ಮರುದಿನದ ದಿವಸಕ್ಕೆ ಕರಿಗಡುಬು ಕಟ್ಟುತ್ತ ಕೂತಿದ್ದರು. ಅಗಲ ತಟ್ಟೆಯಂಥ ಪರಾತದಲ್ಲಿ ಕರಿದಿಟ್ಟದ್ದು ಆಗಲೇ ಒಂದು ಗುಡ್ಡೆಯಾಗಿತ್ತು. ಅತ್ತೆ ಒಲೆಯ ಮುಂದೆ ಕರಿದದ್ದನ್ನು ಎತ್ತುವ ಝಾರಿ ಹಿಡಿದು ಕೂತಿದ್ದರು. ನೆಗೆಣ್ಣಿಯ ಕೈಯಲ್ಲಿ ಒಂದು ಕಡುಬು ಇತ್ತು. ಬಿಸಿಯೆಂದು ಊದುತ್ತಿದ್ದಳು. ನಾನು ಹೋಗಿ ಅದನ್ನು ಕಸಿದುಕೊಂಡೆ.

"ಅತ್ತಿ, ಬುಟ್ಟಿ ಕೆಳಗಿಳಸ್ರಿ," ಎಂದೆ. "ವಿಷ ಗಾಣದಾಗ ಕೂಡಿದ್ದಲ್ಲ. ಕಾಳಿನಾಗೇ ಐತಿ. ನಮ್ಮ ಹೊಲದ ಕಾಳಿನಾಗ."

ಅತ್ತೆ ಸಿಡಿಯುತ್ತಾರೆ ಎಂದುಕೊಂಡಿದ್ದೆ. ಓಣಿಯ ಹೆಂಗಸರ ಎದುರು, ಸತ್ತವಳ ಮನೆಯವರ ಎದುರು, ಸೊಸೆಯಾದವಳು ಬಂದು ನಿಮ್ಮ ಎಣ್ಣೆಯೇ ವಿಷ ಎಂದಿದ್ದೆ. ಒಬ್ಬಾಕೆ, ಓದಿದಾಕಿ ಏನೇನೋ ಹೇಳ್ತಾಳ ಎಂದು ಗೊಣಗಿದಳು. ಅತ್ತೆ ಕೈ ಎತ್ತಿ ಅವಳನ್ನು ಸುಮ್ಮನಿರಿಸಿದರು.

"ಯಾರು ನೋಡ್ಯಾರ?" ಎಂದು ನನ್ನನ್ನು ಕೇಳಿದರು.

ನಾನಲ್ಲ, ನನಗೆ ಮುಟ್ಟಲೂ ಬಿಡಲಿಲ್ಲ ಎಂದೆ. ಇಬ್ಬರು ಬೇರೆ ಬೇರೆಯಾಗಿ, ಯಾವುದು ಯಾರದೆಂದು ತಿಳಿಯದೆ, ಎರಡು ಸಲ ನೋಡಿದರು, ಎರಡು ಸಲವೂ ಅದೇ ಬಂತು ಎಂದು ಹೇಳಿದೆ. ಹೇಳುತ್ತಿದ್ದಾಗ ಇಂಡಿ ಸರ್ ನನ್ನ ಕೈಯಿಂದ ಪ್ಲೇಟು ಯಾಕೆ ಎಳೆದುಕೊಂಡರೆಂದು ನನಗೆ ನಿಜವಾಗಿ ತಿಳಿಯಿತು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದ ಕಾಳು ಬಿಚ್ಚಿ, ಇದು ಸಾಸಿವೆ, ಇದು ಅರಿಸಿನ ದತ್ತೂರಿ ಎಂದು ಅಂಗೈಯಲ್ಲಿ ತೋರಿಸಿದೆ. ಅವರ ಕಣ್ಣು ಮಂಜು. ಬೆರಳ ತುದಿಯಲ್ಲಿ ಉಜ್ಜಿ ನೋಡಿದರು. ನುಣುಪು ಯಾವುದು, ಒರಟು ಯಾವುದು ಎಂದು ಬೆರಳಿಗೆ ತಿಳಿದಿರಬೇಕು. ಅವರ ಮುಖ ಒಮ್ಮೆಲೇ ಮುದುಡಿತು.

"ಅಕೀಗೆ ನಾನ ಕೊಟ್ಟೆ," ಎಂದರು. "ಬ್ಯಾಡ ಅಂದ್ರೂ ಕೊಟ್ಟೆ."

ಸತ್ತ ಗೆಳತಿಯ ಬಗ್ಗೆ ಆಡಿದ ಮಾತು ಅದು. ಗೆಳತಿಯ ಸೊಸೆ ಅಲ್ಲಿಯೇ ಕೂತಿದ್ದಳು, ಅವಳ ಕಾಲೂ ಬಾತಿದ್ದವು. ಅವಳು ಏನಾದರೂ ಅನ್ನುತ್ತಾಳೆ ಎಂದು ಎಲ್ಲರೂ ಕಾಯ್ದರು. ಅವಳು ಹಿಟ್ಟಿನ ಕೈ ಒರೆಸಿಕೊಂಡು ಎದ್ದು ಮನೆಗೆ ಹೋದಳು. ಬೈದಿದ್ದರೆ ಅತ್ತೆಗೆ ಹಗುರಾಗುತ್ತಿತ್ತೇನೋ.

ಅಷ್ಟರಲ್ಲಿ ಚಾವಡಿಯ ಹತ್ತಿರ ಜೀಪು ನಿಂತ ಸದ್ದಾಯಿತು. ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದರು. ಭಾವ ಅಡ್ಡ ಬಂದರು. ಊರ ಮುಂದೆ ಯಾಕೆ, ಡಾಕ್ಟರರು ಹೇಳುತ್ತಾರೆ ಬಿಡು ಎಂದರು. ಅವರು ನಿಲ್ಲಲಿಲ್ಲ. ನಾನು ಬೆನ್ನ ಹಿಂದೆ ಹೋದೆ. ಹೆಂಗಸರು ಚಾವಡಿ ಹತ್ತುವ ಊರಲ್ಲ ಅದು. ಅತ್ತೆ ಮೆಟ್ಟಿಲ ಕೆಳಗೆ ನಿಂತು, ಗಂಡಸರೆಲ್ಲ ತಿರುಗಿ ನೋಡುವಂತೆ ಹೇಳಿದರು:

"ಕಾಳ ನಮ್ಮವು. ಬಿತ್ತಿದ್ದು ನಾವು, ಹಸನ ಮಾಡದ ಕೊಟ್ಟಿದ್ದು ನಾವು, ಹಂಚಿದ್ದು ನಾನು. ಗಾಣದಾಕಿದು ಏನೂ ಇಲ್ಲ. ಬೀಗ ತಗೀರಿ."

ಫೌಜದಾರರು ಡಾಕ್ಟರರ ಮುಖ ನೋಡಿದರು. ಡಾಕ್ಟರರು ತಲೆಯಾಡಿಸಿದರು. ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಹಂಚಿದ್ದ ಎಣ್ಣೆಯನ್ನು ಮನೆಮನೆಯಿಂದ ತರಿಸಿ ಊರ ಹೊರಗೆ ಗುಂಡಿ ತೋಡಿ ಸುರಿದರು. ಕಡುಬನ್ನು ದನಕ್ಕೂ ಹಾಕಲಿಲ್ಲ. ಮರುದಿನದ ದಿವಸಕ್ಕೆ ಎಣ್ಣೆಯಿಲ್ಲದ ಅಡಿಗೆಯಾಯಿತು, ಅತ್ತೆ ಆ ಊಟಕ್ಕೆ ಹೋಗಲಿಲ್ಲ.

ಎಣ್ಣೆ ನಿಂತ ಮೇಲೆ ಹೊಸದಾಗಿ ಯಾರಿಗೂ ಬಾವು ಬರಲಿಲ್ಲ. ನೆಗೆಣ್ಣಿ ಮಳೆಗಾಲದ ಹೊತ್ತಿಗೆ ಎದ್ದು ಓಡಾಡಿದಳು, ಆದರೂ ಹೊಲದಿಂದ ಬರುವಾಗ ದಿಬ್ಬ ಹತ್ತುವಲ್ಲಿ ನಿಂತು ಉಸಿರು ತೆಗೆದುಕೊಳ್ಳುವುದು ಅವಳಿಗೆ ಕಡೆಯತನಕ ಉಳಿಯಿತು. ದೊಡ್ಡ ಪ್ರಯೋಗಾಲಯದ ಉತ್ತರ ತಡವಾಗಿ ಬಂತು, ನಮ್ಮದಕ್ಕೆ ಹೊಂದಿಕೆಯಾಗಿಯೇ ಇತ್ತು. ಮುಂದಿನ ಸುಗ್ಗಿಗೆ ಮುಂಚೆ ಮುದ್ದೇಬಿಹಾಳ ಸರ್ ಮತ್ತು ನಾನು ನಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ದೇವಣಗಾಂವ, ಲಚ್ಯಾಣದಂಥ ಹಳ್ಳಿಗಳಿಗೂ ಹೋಗಿ ಎರಡೂ ಕಾಳು ತೋರಿಸಿ ಬಂದೆವು. ಕೆಲವರು ಕೇಳಿದರು, ಕೆಲವರು ನಕ್ಕು ಚಹಾ ಕುಡಿಸಿ ಕಳಿಸಿದರು.

ಗಾಣದವ್ವ ಮತ್ತೆ ಎತ್ತು ಕಟ್ಟಿದಳು. ಊರು ಅವಳ ಹತ್ತಿರ ತಿರುಗಿ ಬಂತು. ಅತ್ತೆ ಒಂದು ಸಂಜೆ ಅವಳ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತು ಬಂದರು. ಏನು ಮಾತಾಡಿದರೋ ನಮಗೆ ಹೇಳಲಿಲ್ಲ. ಆದರೆ ನಮ್ಮ ಮನೆಯ ಕಾಳನ್ನು ಅವಳು ಆಮೇಲೆ ಅರೆಯಲಿಲ್ಲ. ಜಗಳವಾಡಿ ಅಲ್ಲ. ಕೇಳಿದಾಗಲೆಲ್ಲ, ಎತ್ತಿಗಿ ಮೈಯಾಗ ಆರಾಮಿಲ್ರಿ ಎನ್ನುತ್ತಿದ್ದಳು. ಅತ್ತೆ ಅದಕ್ಕೆ ಎದುರಾಡಲಿಲ್ಲ. ಸುಗ್ಗಿಯಾದ ಮೇಲೆ ಅಂಗಳದಲ್ಲಿ ಕೂತು ಕಾಳನ್ನು ಬೆರಳಲ್ಲಿ ಉಜ್ಜಿ ಉಜ್ಜಿ ಆರಿಸಿ, ಭಾವನ ಕೈಲಿ ಬಾಗೇವಾಡಿಗೆ ಕಳಿಸುತ್ತಿದ್ದರು.

ನಾವು ಮೂವರು ಮತ್ತೆ ಇಂಡಿಯಲ್ಲಿ ಸೇರಿದಾಗ ಆ ಎರಡು ಪ್ಲೇಟುಗಳು ಕಪಾಟಿನಲ್ಲಿ ಇದ್ದವು. ಆ ದೀಪವಿಲ್ಲದೆ ಚುಕ್ಕಿ ಕಾಣುತ್ತಿರಲಿಲ್ಲ. ಪದರ ಕೆರೆದು ತೆಗೆದು ಗಾಜನ್ನು ಮತ್ತೆ ಬಳಸುವುದು ನಮ್ಮ ರೂಢಿ, ಗಾಜು ಸುಲಭಕ್ಕೆ ಸಿಗುತ್ತಿರಲಿಲ್ಲ. ಆ ದಿನ ಇಂಡಿ ಸರ್ ಒಂದು ಪ್ಲೇಟನ್ನು ಈ ಸಲ ತಾವೇ ನನ್ನ ಕಡೆ ಸರಿಸಿ, ತೊಳೆಯಲು ಹೇಳಿದರು. ನಾನು ತೊಳೆದೆ. ಮುದ್ದೇಬಿಹಾಳ ಸರ್ ಹೊಸ ಪುಡಿ ಕಲಸಲು ಕೂತರು.